ಮೊದಲ ಮಹಿಳೆ ಬಂದರು, ಎರಡನೆಯವರು ಎಲ್ಲಿ?

ಕರ್ನಾಟಕ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಯಾರು? ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವವರನ್ನು ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ, 1972ರಿಂದ 1978ರವರೆಗೆ. ಎರಡನೆಯವರು ಯಾರು ಅಂತ ಕೇಳಿ ನೋಡಿ, ಉತ್ತರ ಬರುವುದಿಲ್ಲ. ಓದಿದ್ದು ಕಮ್ಮಿಯಾಗಿ ಅಲ್ಲ. ಎರಡನೆಯವರು ಇಲ್ಲವೇ ಇಲ್ಲ. ನಾಗರತ್ನಮ್ಮ ಆ ಕುರ್ಚಿ ಬಿಟ್ಟು ನಾಲ್ಕೂವರೆ ದಶಕದ ಮೇಲಾಯಿತು. ಆಮೇಲೆ ಹತ್ತಕ್ಕೂ ಹೆಚ್ಚು ಸ್ಪೀಕರ್‌ಗಳು ಬಂದು ಹೋದರು. ಅವರಲ್ಲಿ ಒಬ್ಬರೂ ಹೆಣ್ಣಲ್ಲ.

ಅದೇ ವಿಧಾನಸೌಧದ ಇನ್ನೊಂದು ಹುದ್ದೆ ನೋಡಿ. ಸರ್ಕಾರದ ಮುಖ್ಯ ಕಾರ್ಯದರ್ಶಿ. ಈ ಶತಮಾನದ ಆರಂಭದಲ್ಲಿ ತೆರೇಸಾ ಭಟ್ಟಾಚಾರ್ಯ ಆ ಹುದ್ದೆಗೇರಿದ ಮೊದಲ ಮಹಿಳೆಯಾದರು. ನಂತರ ಮಾಲತಿ ದಾಸ್, ಕೆ. ರತ್ನಪ್ರಭಾ, ವಂದಿತಾ ಶರ್ಮಾ, ಶಾಲಿನಿ ರಜನೀಶ್ ಬಂದರು. ಈಗ ಮಹಿಳೆಯೊಬ್ಬರು ಮುಖ್ಯ ಕಾರ್ಯದರ್ಶಿ ಆದರೆ ಪತ್ರಿಕೆಗಳಿಗೆ ಅದು ದೊಡ್ಡ ಸುದ್ದಿಯೂ ಅಲ್ಲ. ಒಂದೇ ರಾಜ್ಯ, ಒಂದೇ ಕಟ್ಟಡ. ಒಂದು ಹುದ್ದೆಯಲ್ಲಿ ಸಾಲು ಮುಂದುವರಿಯಿತು, ಇನ್ನೊಂದರಲ್ಲಿ ಮೊದಲನೆಯವರೇ ಕೊನೆಯವರಾದರು. ಯಾಕೆ?

ನಮ್ಮಲ್ಲಿ 'ಮೊದಲ ಮಹಿಳೆ'ಯರ ಪಟ್ಟಿ ಮಾಡುವ ಚಟ ಜಾಸ್ತಿ. ಮೊದಲ ಮುಖ್ಯಮಂತ್ರಿ, ಮೊದಲ ನ್ಯಾಯಮೂರ್ತಿ, ಮೊದಲ ಐಎಎಸ್. ಮಾರ್ಚ್ 8 ಬಂದರೆ ಅದೇ ಫೋಟೊಗಳು. ನನ್ನ ಮಟ್ಟಿಗೆ ನೋಡಬೇಕಾದ್ದು ಮೊದಲನೆಯವರ ಹೆಸರನ್ನಲ್ಲ. ಎರಡನೆಯವರು ಬರಲು ಎಷ್ಟು ವರ್ಷ ಹಿಡಿಯಿತು ಅನ್ನುವುದನ್ನು. ಮೊದಲನೆಯವರು ಬರುವುದಕ್ಕೆ ಒಬ್ಬರ ಛಲ, ಮನೆಯವರ ಬೆಂಬಲ, ಒಳ್ಳೆಯ ಗಳಿಗೆ ಕೂಡಿ ಬಂದರೆ ಸಾಕು. ಎರಡನೆಯವರು, ಮೂರನೆಯವರು ಬರಬೇಕಾದರೆ ನಿಯಮ ಬದಲಾಗಬೇಕು. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಸೀಟನ್ನು ಹೆಣ್ಣುಮಕ್ಕಳಿಗೆ ಮೀಸಲಿಡುವ, 2023ರಲ್ಲಿ ಸಂಸತ್ತು ಪಾಸು ಮಾಡಿದ ಮಹಿಳಾ ಮೀಸಲಾತಿ ಕಾನೂನನ್ನೂ ಇದೇ ಅಳತೆಯಲ್ಲಿ ನೋಡಬೇಕು. ಅದಕ್ಕೆ ಮೊದಲು ನೂರಕ್ಕೂ ಹೆಚ್ಚು ವರ್ಷ ಹಿಂದೆ ಹೋಗಿಬರೋಣ.

ಆಗ ಹೆಣ್ಣುಮಕ್ಕಳಿಗೆ ಸಾರ್ವಜನಿಕ ಬದುಕಿಗೆ ಇದ್ದ ದಾರಿ ಹೆಚ್ಚುಕಮ್ಮಿ ಒಂದೇ, ಸಮಾಜಸೇವೆ. ಶಾಲೆ ನಡೆಸಬಹುದಿತ್ತು, ಆಸ್ಪತ್ರೆಯಲ್ಲಿ ದುಡಿಯಬಹುದಿತ್ತು, ವಿಧವೆಯರಿಗೆ ಆಶ್ರಮ ಕಟ್ಟಬಹುದಿತ್ತು. ಸಾವಿತ್ರಿಬಾಯಿ ಫುಲೆ 1848ರಲ್ಲಿ ಪುಣೆಯಲ್ಲಿ ಶಾಲೆ ಶುರು ಮಾಡಿದರು. 1897ರಲ್ಲಿ ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಲೇ ಅದೇ ರೋಗಕ್ಕೆ ಬಲಿಯಾದರು. ಅವರ ಪತಿ ಜ್ಯೋತಿಬಾ 1876ರಿಂದ ಕೆಲವು ವರ್ಷ ಪುಣೆ ಪುರಸಭೆಯ ಸದಸ್ಯರಾಗಿದ್ದರು. ಸಾವಿತ್ರಿಬಾಯಿಗೆ ಅಂಥ ಕುರ್ಚಿ ಸಿಗುವ ಮಾತೇ ಇರಲಿಲ್ಲ. ಒಂದೇ ಮನೆ, ಒಂದೇ ಕೆಲಸ. ಕುರ್ಚಿ ಮಾತ್ರ ಒಬ್ಬರಿಗೆ.

ಆ ಗೆರೆ ದಾಟಿದ ಮೊದಲಿಗರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಒಬ್ಬರು. 1886ರಲ್ಲಿ ಪುದುಕೋಟ್ಟೈನಲ್ಲಿ ಹುಟ್ಟಿದವರು. ತಂದೆ ಕಾಲೇಜು ಪ್ರಿನ್ಸಿಪಾಲರು, ತಾಯಿ ದೇವದಾಸಿ ಮನೆತನದವರು. ಗಂಡುಮಕ್ಕಳ ಕಾಲೇಜಿಗೆ ಇವರನ್ನು ಸೇರಿಸಿಕೊಳ್ಳುವ ಮಾತು ಬಂದಾಗ ಊರಿನವರು ಗಲಾಟೆ ಎಬ್ಬಿಸಿದರು. ಅಲ್ಲಿನ ಮಹಾರಾಜರು ಒಪ್ಪಿದ್ದರಿಂದ ಓದು ಸಾಗಿತು. 1912ರಲ್ಲಿ ಮದ್ರಾಸಿನಲ್ಲಿ ವೈದ್ಯಕೀಯ ಮುಗಿಸಿದರು. ಹದಿನೈದು ವರ್ಷದೊಳಗೆ ಮದ್ರಾಸ್ ವಿಧಾನ ಪರಿಷತ್ತಿನಲ್ಲಿ ಸದಸ್ಯರಾಗಿ ಕೂತರು, ಉಪಾಧ್ಯಕ್ಷರೂ ಆದರು. ದೇವದಾಸಿಯರಿಗೆ ದೇವಸ್ಥಾನದ ಊಳಿಗದಿಂದ ಬಿಡುಗಡೆ ಕೊಟ್ಟು, ಅವರ ಇನಾಂ ಜಮೀನು ಅವರಿಗೇ ಉಳಿಯುವಂತೆ ಮಾಡುವ ಕಾನೂನು 1929ರಲ್ಲಿ ಬಂತು. 1930ರಲ್ಲಿ ಗಾಂಧೀಜಿಯ ಬಂಧನವನ್ನು ವಿರೋಧಿಸಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಆ ಸುಮಾರಿಗೆ ದೇವದಾಸಿ ಮನೆಗಳಿಂದ ತಪ್ಪಿಸಿಕೊಂಡು ಬಂದ ಹುಡುಗಿಯರು ಇವರ ಮನೆಯ ಬಾಗಿಲು ತಟ್ಟಿದರು. ಹಾಸ್ಟೆಲ್‌ಗಳಲ್ಲಿ ಅವರಿಗೆ ಜಾಗ ಇರಲಿಲ್ಲ. ಮನೆಯಲ್ಲೇ ಇಟ್ಟುಕೊಂಡರು. ಅಲ್ಲಿಂದ ಶುರುವಾದದ್ದು ಅವ್ವೈ ಹೋಮ್.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಮುತ್ತುಲಕ್ಷ್ಮಿ ಪರಿಷತ್ತಿಗೆ ಬಂದದ್ದು ನಾಮನಿರ್ದೇಶನದಿಂದ, ಓಟಿನಿಂದಲ್ಲ. ಅವರು ಹೊರಬಂದ ಮೇಲೆ ಅವರ ಹೋರಾಟವನ್ನು ಸದನದೊಳಗೆ ಅಷ್ಟೇ ಜೋರಾಗಿ ಎತ್ತುವವರು ಕಮ್ಮಿಯಾದರು. ದೇವದಾಸಿ ಪದ್ಧತಿಯನ್ನು ಪೂರ್ತಿ ನಿಷೇಧಿಸುವ ಮದ್ರಾಸಿನ ಕಾನೂನು ಬಂದದ್ದು 1947ರಲ್ಲಿ. ಹದಿನೇಳು ವರ್ಷ ಕಾಯಬೇಕಾಯಿತು. ಒಬ್ಬರೇ ಮೊದಲಿಗರಾಗಿ ಇರುವುದರ ತೊಂದರೆ ಇದೇ. ಅವರು ಎದ್ದು ಹೋದರೆ ಜಾಗ ಖಾಲಿ.

ಅದೇ ಕಾಲದಲ್ಲಿ ನಮ್ಮ ಮಂಗಳೂರಿನಲ್ಲಿ ಓಟಿನ ದಾರಿಯನ್ನು ಒಬ್ಬರು ಪರೀಕ್ಷಿಸಿದರು. 1926ರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಪರಿಷತ್ತಿಗೆ ಸ್ಪರ್ಧಿಸಿದರು. ವಯಸ್ಸು ಇಪ್ಪತ್ಮೂರು. ಹೆಣ್ಣುಮಕ್ಕಳಿಗೆ ಚುನಾವಣೆಗೆ ನಿಲ್ಲುವ ಹಕ್ಕು ಆಗಷ್ಟೇ ಸಿಕ್ಕಿತ್ತು. ಪ್ರಚಾರಕ್ಕೆ ಸಿಕ್ಕಿದ್ದು ತೀರಾ ಕಮ್ಮಿ ಸಮಯ. ಬಹಳ ಕಡಿಮೆ ಅಂತರದಲ್ಲಿ ಸೋತರು. ಸ್ವಾತಂತ್ರ್ಯ ಬಂದ ಮೇಲೆ ಅವರು ಅಧಿಕಾರದ ಹಿಂದೆ ಹೋಗಲಿಲ್ಲ. ದೇಶ ವಿಭಜನೆಯ ನಿರಾಶ್ರಿತರಿಗೆ ಫರೀದಾಬಾದಿನಲ್ಲಿ ನೆಲೆ ಕಲ್ಪಿಸುವ ಕೆಲಸ, ಸಹಕಾರ ಸಂಘ, ಕರಕುಶಲ ಮಂಡಳಿ, ಇದರಲ್ಲೇ ಮುಳುಗಿದರು. ಚುನಾವಣಾ ರಾಜಕೀಯಕ್ಕೆ ಅದು ನಷ್ಟವೇ.

ಮಂಗಳೂರಿನ ಇನ್ನೊಂದು ಮನೆಯ ಕತೆ ಇಷ್ಟು ಪ್ರಸಿದ್ಧವಲ್ಲ. ಪುರಭವನಕ್ಕೆ ಹೆಸರಾಗಿರುವ ಕುದ್ಮುಲ್ ರಂಗರಾಯರು ವಕೀಲರು. ದಲಿತ ಮಕ್ಕಳಿಗೆ ಶಾಲೆ ತೆರೆದು ಸ್ವಂತ ಜಾತಿಯವರಿಂದ ಬಹಿಷ್ಕಾರ ಉಂಡವರು. ತಮ್ಮ ಶಾಲೆಯಲ್ಲಿ ಕಲಿತ ಮಗು ದೊಡ್ಡ ಹುದ್ದೆಗೇರಿ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಅದರ ಧೂಳು ತಮ್ಮ ತಲೆಗೆ ತಾಗಬೇಕು ಎಂದು ಅವರು ಬಯಸಿದ್ದನ್ನು ಕರಾವಳಿಯವರು ಈಗಲೂ ನೆನೆಯುತ್ತಾರೆ. ಸೇವೆಯ ಗುರಿ ಹುದ್ದೆ ಅಂತ ಇಷ್ಟು ನೇರವಾಗಿ ಹೇಳಿದವರು ಆಗ ಕಮ್ಮಿ. ಅವರ ಮಗಳು ರಾಧಾಬಾಯಿ ಚಿಕ್ಕ ವಯಸ್ಸಿನಲ್ಲೇ ವಿಧವೆಯಾದರು. ರಾಯರು ಮಗಳಿಗೆ ಮರುಮದುವೆ ಮಾಡಿಸಿದರು. ಜಾತಿ ಮೀರಿದ ಮದುವೆ ಅದು. ಅಳಿಯ ಪಿ. ಸುಬ್ಬರಾಯನ್, ಮುಂದೆ ಮದ್ರಾಸ್ ಪ್ರಾಂತ್ಯದ ಪ್ರಧಾನರಾದವರು (ಈಗಿನ ಮುಖ್ಯಮಂತ್ರಿಯಂಥ ಹುದ್ದೆ).

ಈ ರಾಧಾಬಾಯಿ ಸುಬ್ಬರಾಯನ್ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಸಮ್ಮೇಳನಕ್ಕೆ ಹೋದರು. ಆ ಸಲ ಭಾರತದಿಂದ ಹೋದ ಮಹಿಳೆಯರು ಇಬ್ಬರೇ. ಅಲ್ಲಿ ಅವರು ಮಹಿಳೆಯರಿಗೆ ಸೀಟು ಮೀಸಲಿಡಬೇಕು ಅಂದರು. ದೊಡ್ಡ ಮಹಿಳಾ ಸಂಘಟನೆಗಳಿಗೆ ಇದು ಹಿಡಿಸಲಿಲ್ಲ. ನಮಗೆ ದಯೆ ಬೇಡ, ಎಲ್ಲ ವಯಸ್ಕರಿಗೂ ಓಟು ಕೊಡಿ ಸಾಕು ಅನ್ನುವುದು ಅವರ ಹಟ. ಮರುವರ್ಷ ಸರೋಜಿನಿ ನಾಯ್ಡು ಮತ್ತು ಬೇಗಂ ಷಾ ನವಾಜ್ ಇದೇ ನಿಲುವನ್ನು ಲಂಡನ್ನಿನಲ್ಲಿ ಮಂಡಿಸಿದರು. ಕೊನೆಗೆ 1935ರ ಕಾಯ್ದೆ ಪ್ರಾಂತ್ಯಗಳ ಶಾಸನಸಭೆಗಳಲ್ಲಿ ಮಹಿಳೆಯರಿಗೆ 41 ಸೀಟು ಮೀಸಲಿಟ್ಟಿತು, ಅದನ್ನೂ ಧರ್ಮದ ಲೆಕ್ಕದಲ್ಲಿ ಹಂಚಿ. ರಾಧಾಬಾಯಿ 1938ರಲ್ಲಿ ಕೇಂದ್ರದ ಮೇಲ್ಮನೆಗೆ ಆಯ್ಕೆಯಾದ ಮೊದಲ ಮಹಿಳೆಯಾದರು.

ಮೀಸಲಾತಿ ಬೇಡ ಅಂದವರನ್ನು ಈಗ ಕೂತು ಟೀಕಿಸುವುದು ಸುಲಭ. ಅವರ ನಂಬಿಕೆಗೆ ಕಾರಣವಿತ್ತು. ಸ್ವಾತಂತ್ರ್ಯ ಹೋರಾಟದಲ್ಲಿ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಜೈಲಿಗೆ ಹೋಗಿದ್ದರು. ಜನ ಇದನ್ನೆಲ್ಲ ನೋಡಿದ್ದಾರೆ, ಓಟು ಹಾಕುತ್ತಾರೆ ಅಂದುಕೊಂಡಿದ್ದರು. ಸಂವಿಧಾನ ಸಭೆಯಲ್ಲಿದ್ದ ಮಹಿಳೆಯರು ಹದಿನೈದು ಮಂದಿ. ಹಂಸಾ ಮೆಹ್ತಾ, ರೇಣುಕಾ ರೇ ಅಂಥವರು ಅಲ್ಲೂ ಮೀಸಲಾತಿ ಬೇಡವೆಂದರು. ರೇಣುಕಾ ರೇ ಹೇಳಿದ ಕಾರಣ ಇವತ್ತಿಗೂ ಯೋಚಿಸುವಂಥದ್ದು: ಒಂದಿಷ್ಟು ಸೀಟು ಹೆಣ್ಣಿಗೆ ಅಂತ ತೆಗೆದಿಟ್ಟರೆ, ಉಳಿದ ಸೀಟಿಗೆ ಹೆಣ್ಣನ್ನು ಯಾರೂ ಪರಿಗಣಿಸುವುದೇ ಇಲ್ಲ.

ಆಮೇಲೆ ಚುನಾವಣೆ ಬಂತು, ಲೆಕ್ಕ ತಪ್ಪಾಯಿತು.

ದುರ್ಗಾಬಾಯಿ ದೇಶಮುಖ್ ಅವರನ್ನೇ ನೋಡಿ. 1923ರಲ್ಲಿ ಕಾಕಿನಾಡದಲ್ಲಿ ಕಾಂಗ್ರೆಸ್ ಅಧಿವೇಶನ. ಪಕ್ಕದ ಪ್ರದರ್ಶನದ ಬಾಗಿಲಲ್ಲಿ ಸ್ವಯಂಸೇವಕಿಯಾಗಿ ನಿಂತ ಹುಡುಗಿಗೆ ವಯಸ್ಸು ಹದಿನಾಲ್ಕು. ಟಿಕೆಟ್ ಇಲ್ಲದವರನ್ನು ಬಿಡಬಾರದು ಅಂತ ಹೇಳಿದ್ದರು. ಜವಾಹರಲಾಲ್ ನೆಹರೂ ಬಂದರು, ಕೈಯಲ್ಲಿ ಟಿಕೆಟ್ ಇಲ್ಲ. ತಡೆದು ನಿಲ್ಲಿಸಿದಳು. ಸಂಘಟಕರು ಟಿಕೆಟ್ ತಂದುಕೊಟ್ಟ ಮೇಲೇ ಒಳಗೆ ಬಿಟ್ಟಿದ್ದು. ಮುಂದೆ ಜೈಲು, ವಕೀಲಿಕೆ, 1937ರಲ್ಲಿ ಆಂಧ್ರ ಮಹಿಳಾ ಸಭಾ, ಸಂವಿಧಾನ ಸಭೆ. ಇಷ್ಟೆಲ್ಲ ಆದ ಮೇಲೆ 1952ರ ಮೊದಲ ಮಹಾಚುನಾವಣೆಯಲ್ಲಿ ನಿಂತು ಸೋತರು. ಯೋಜನಾ ಆಯೋಗಕ್ಕೆ ಅವರನ್ನು ಸೇರಿಸಿಕೊಂಡರು. 1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆಯಾದರು. ದೇಶ ಅವರನ್ನು ಬಳಸಿಕೊಂಡಿತು ನಿಜ. ಆದರೆ ಮತದಾರರ ಮೂಲಕ ಅಲ್ಲ.

ಇದು ಬರೀ ಹೆಣ್ಣುಮಕ್ಕಳ ಪಾಡು ಅಂದುಕೊಳ್ಳಬೇಡಿ. ಅದೇ 1952ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಮುಂಬೈಯಲ್ಲಿ ಸೋತರು, 1954ರ ಭಂಡಾರ ಉಪಚುನಾವಣೆಯಲ್ಲಿ ಮತ್ತೆ ಸೋತರು. ಕೈಗಾ ಅಣುಸ್ಥಾವರದ ವಿರುದ್ಧ ದನಿಯೆತ್ತಿದ ಶಿವರಾಮ ಕಾರಂತರು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಮಣಿಪುರದ ಇರೋಮ್ ಶರ್ಮಿಳಾ ಹದಿನಾರು ವರ್ಷ ಉಪವಾಸ ಮಾಡಿದರು. 2017ರಲ್ಲಿ ತೌಬಾಲ್ ಕ್ಷೇತ್ರದಲ್ಲಿ ಆಗಿನ ಮುಖ್ಯಮಂತ್ರಿಯ ಎದುರು ನಿಂತಾಗ ಬಿದ್ದದ್ದು 90 ಓಟು.

ಜನ ಕೃತಘ್ನರು ಅಂತ ಹೇಳಿ ಮುಗಿಸಬಹುದು. ನನಗೆ ಅದು ಸೋಮಾರಿ ಉತ್ತರ ಅನ್ನಿಸುತ್ತದೆ. ಸೇವೆಗೂ ಓಟಿಗೂ ಲೆಕ್ಕವೇ ಬೇರೆ. ಸಮಾಜಸೇವಕರ ಕೆಲಸ ನಾಲ್ಕು ಜಿಲ್ಲೆಗಳಲ್ಲಿ ಹರಡಿರುತ್ತದೆ. ಓಟು ಬೇಕಾಗಿರುವುದು ಒಂದೇ ಕ್ಷೇತ್ರದಲ್ಲಿ, ಅದೂ ಬೂತ್ ಬೂತ್‌ನಲ್ಲಿ. ಸೇವೆ ತಲುಪುವುದು ಊರಿನಲ್ಲಿ ಮಾತು ನಡೆಯದವರಿಗೆ. ಊರಿನ ಓಟನ್ನು ತಿರುಗಿಸುವವರು ಮಾತು ನಡೆಯುವವರು. ಮುತ್ತುಲಕ್ಷ್ಮಿಯವರ ಆಶ್ರಮದಲ್ಲಿದ್ದ ಹುಡುಗಿಯರನ್ನು ನೆನೆಸಿಕೊಳ್ಳಿ. ಅವರ ಓಟಿನಿಂದ ಯಾರೂ ಗೆಲ್ಲುವುದಿಲ್ಲ. ಜೊತೆಗೆ ಸುಧಾರಕರು ಯಾರದೋ ನಡೆದುಬಂದ ಅನುಕೂಲಕ್ಕೆ ಕೈ ಹಾಕಿರುತ್ತಾರೆ, ಅವರು ಮರೆಯುವುದಿಲ್ಲ. ಇದೆಲ್ಲ ದಾಟಿದರೂ ಪಕ್ಷದ ಬಿ ಫಾರಂ ಬೇಕು. ಟಿಕೆಟ್ ಹಂಚುವವರು ಕೇಳುವುದು ಒಂದೇ ಪ್ರಶ್ನೆ: ಗೆಲ್ತಾರಾ? ಅದರೊಳಗೆ ಜಾತಿ, ದುಡ್ಡು, ಮನೆತನ ಎಲ್ಲ ಅಡಗಿದೆ.

ಉತ್ತರ ಪ್ರದೇಶದ ಉದಾಹರಣೆ ಇದನ್ನು ಇನ್ನೂ ಸ್ಪಷ್ಟ ಮಾಡುತ್ತದೆ. ದೇಶದ ಮೊದಲ ಮಹಿಳಾ ಮುಖ್ಯಮಂತ್ರಿ ಸುಚೇತಾ ಕೃಪಲಾನಿ 1963ರಲ್ಲಿ ಅಲ್ಲಿಯೇ ಅಧಿಕಾರ ಹಿಡಿದರು, 1967ರಲ್ಲಿ ಇಳಿದರು. ಆ ರಾಜ್ಯಕ್ಕೆ ಎರಡನೆಯ ಮಹಿಳಾ ಮುಖ್ಯಮಂತ್ರಿ ಬಂದದ್ದು 1995ರಲ್ಲಿ, ಮಾಯಾವತಿ. ನಡುವೆ 28 ವರ್ಷ. ಮಾಯಾವತಿಗೆ ಯಾರೂ ದಾರಿ ಬಿಟ್ಟುಕೊಡಲಿಲ್ಲ. ಅವರ ಪಕ್ಷ ಬೇರೆ, ಅವರ ಮತದಾರರು ಬೇರೆ, ಹೋಗ್ತಾ ಹೋಗ್ತಾ ಟಿಕೆಟ್ ಹಂಚುವ ಪೆನ್ನೂ ಅವರ ಕೈಗೇ ಬಂತು. ಜಯಲಲಿತಾ, ಮಮತಾ ಬ್ಯಾನರ್ಜಿ ಅವರ ವಿಷಯವೂ ಅಷ್ಟೆ. ಕರ್ನಾಟಕದ ಯಾವ ಪಕ್ಷದಲ್ಲೂ ಆ ಪೆನ್ನು ಹೆಣ್ಣಿನ ಕೈಯಲ್ಲಿ ಗಟ್ಟಿಯಾಗಿ ಉಳಿದಿಲ್ಲ. ನಮಗೆ ಮಹಿಳಾ ಮುಖ್ಯಮಂತ್ರಿ ಇನ್ನೂ ಆಗಿಲ್ಲ ಅನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಈಗ ಮುಖ್ಯ ಕಾರ್ಯದರ್ಶಿಗಳ ಕಡೆಗೆ ಬರೋಣ. ಅಲ್ಲಿ ದಾರಿ ಸಲೀಸಾಗಿತ್ತು ಅಂತೇನಲ್ಲ. ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಆಯ್ಕೆಯಾದ ಮೊದಲ ಮಹಿಳೆ. ಸಂದರ್ಶನದಲ್ಲೇ ಈ ಸೇವೆ ಬೇಡ ಅಂತ ಮನವೊಲಿಸಲು ನೋಡಿದರು. ಕೆಲಸಕ್ಕೆ ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಅಂತ ಬರೆಸಿಕೊಂಡರು. 1961ರ ನಿಯಮಗಳಲ್ಲಿ ಎರಡು ಸಾಲು ಇದ್ದವು. ಒಂದು, ವಿದೇಶಾಂಗ ಸೇವೆಯ ಮಹಿಳೆ ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದಿಂದ ಕೆಲಸಕ್ಕೆ ಅಡ್ಡಿ ಅನ್ನಿಸಿದರೆ ಸರ್ಕಾರ ರಾಜೀನಾಮೆ ಕೇಳಬಹುದು. ಇನ್ನೊಂದು, ಮದುವೆಯಾದ ಹೆಣ್ಣಿಗೆ ಈ ಸೇವೆಗೆ ನೇಮಕವಾಗುವುದು ಹಕ್ಕಲ್ಲ.

ಮುತ್ತಮ್ಮ ರಾಯಭಾರಿಯಾದರು, ಹಂಗೇರಿಗೆ ಹೋದರು. ಮುಂದಿನ ದರ್ಜೆಯ ಬಡ್ತಿಯ ಹೊತ್ತಿಗೆ ಅವರನ್ನು ಬಿಟ್ಟು ಬೇರೆಯವರಿಗೆ ಕೊಟ್ಟರು. ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೆಯುವಾಗಲೇ ಸರ್ಕಾರ ಬಡ್ತಿ ಕೊಟ್ಟು ಅರ್ಜಿಯ ಬಿಸಿ ಆರಿಸಲು ನೋಡಿತು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಕೇಸು ಮುಗಿಸಿದರು, ನಿಯಮಗಳನ್ನು ಮಾತ್ರ ಬಿಡಲಿಲ್ಲ. ಸಂಸಾರದ ಜವಾಬ್ದಾರಿಯಿಂದ ಕೆಲಸ ಕೆಡುವ ಅಪಾಯ ಹೆಣ್ಣಿನಲ್ಲಿ ಇದೆ ಅಂದರೆ ಗಂಡಿನಲ್ಲೂ ಅಷ್ಟೇ ಇದೆಯಲ್ಲ ಅನ್ನುವುದು ಅವರ ಮಾತಿನ ಸಾರ. ಮುತ್ತಮ್ಮನವರಿಗೆ ಅಷ್ಟು ಹೊತ್ತಿಗೆ ನಿವೃತ್ತಿ ಹತ್ತಿರ ಬಂದಿತ್ತು. ಆ ಗೆಲುವಿನ ಲಾಭ ಸಿಕ್ಕಿದ್ದು ಅವರ ನಂತರ ಬಂದವರಿಗೆ.

ಮೊದಲ ಮಹಿಳಾ ಐಎಎಸ್ ಅಧಿಕಾರಿ, 1951ರ ತಂಡದ ಅನ್ನಾ ರಾಜಂ ಅವರದ್ದೂ ಇದೇ ಥರ. ಮದುವೆಯಾದರೆ ಕೆಲಸ ಹೋಗುತ್ತದೆ ಅಂತ ನೇಮಕಾತಿ ಪತ್ರದಲ್ಲೇ ಇತ್ತು. ಹೊಸೂರಿಗೆ ಸಬ್ ಕಲೆಕ್ಟರ್ ಆಗಿ ಹೋದರು. ಆ ಷರತ್ತನ್ನು ಕೆಲವು ವರ್ಷಗಳಲ್ಲಿ ತೆಗೆದರು.

ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ. ಪರೀಕ್ಷೆ ಪ್ರತಿ ವರ್ಷ ನಡೆಯುತ್ತದೆ. ಅಂಕಪಟ್ಟಿಯ ಮೇಲೆ ಯಾವ ಪಕ್ಷದ ಹೈಕಮಾಂಡೂ ಕೂತಿಲ್ಲ. ನಿಯಮ ತಪ್ಪಿದ್ದರೆ ಕೋರ್ಟಿಗೆ ಹೋಗಬಹುದು. ಟಿಕೆಟ್ ಕೊಡಲಿಲ್ಲ ಅಂತ ಯಾವ ಕೋರ್ಟಿಗೆ ಹೋಗುವುದು? ಹಾಗಿದ್ದೂ 1951ರಲ್ಲಿ ತೆರೆದ ಈ ದಾರಿ ಕರ್ನಾಟಕದ ಮುಖ್ಯ ಕಾರ್ಯದರ್ಶಿಯ ಕೊಠಡಿ ತಲುಪಲು ಅರ್ಧ ಶತಮಾನ ಬೇಕಾಯಿತು. ಪೊಲೀಸ್ ಇಲಾಖೆಯಲ್ಲಿ ಇನ್ನೂ ತಡ. ನೀಲಮಣಿ ರಾಜು ರಾಜ್ಯ ಪೊಲೀಸ್ ಪಡೆಯ ಮೊದಲ ಮಹಿಳಾ ಮುಖ್ಯಸ್ಥೆ ಆದದ್ದು 2017ರಲ್ಲಿ.

ನ್ಯಾಯಾಲಯ ಇವೆರಡರ ನಡುವಿನದು. ಫಾತಿಮಾ ಬೀವಿ 1989ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ಹಿರಿತನದ ಲೆಕ್ಕ ಹೀಗೇ ನಡೆದರೆ ನಮ್ಮ ಬಿ.ವಿ. ನಾಗರತ್ನ 2027ರಲ್ಲಿ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ ಆಗುತ್ತಾರೆ. ಅವಧಿ ಒಂದು ತಿಂಗಳ ಮೇಲೆ ಕೆಲವು ದಿನ ಅಷ್ಟೆ. ಕ್ವಿಜ್ ಪುಸ್ತಕಕ್ಕೆ ಒಂದು ಸಾಲು ಖಂಡಿತ ಸಿಗುತ್ತದೆ.

ಚುನಾವಣೆಯಲ್ಲಿ ನಿಯಮ ಬದಲಾದರೆ ಏನಾಗುತ್ತದೆ ಅನ್ನುವುದನ್ನು ದೇಶಕ್ಕಿಂತ ಮೊದಲು ನೋಡಿದ್ದು ಕರ್ನಾಟಕ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ಹಳ್ಳಿಗಳಲ್ಲಿ ಬೋರ್‌ವೆಲ್ ಕೊರೆಸಿದ ನೀರ್ ಸಾಬ್ ಅಂತಲೇ ಜನ ನೆನೆಯುತ್ತಾರೆ. ಅವರ ಇನ್ನೊಂದು ಕೆಲಸ ಇನ್ನೂ ಆಳದ್ದು. 1987ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಶೇ 25ರಷ್ಟು ಸೀಟು ಮಹಿಳೆಯರಿಗೆ ಮೀಸಲಾಗಿದ್ದವು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಮೂರನೇ ಒಂದು ಭಾಗ ಅಂದಿತು. 2010ರಲ್ಲಿ ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. ದೇಶದ ಪಂಚಾಯಿತಿಗಳಲ್ಲಿ ಗೆದ್ದು ಕೂತಿರುವ ಮಹಿಳೆಯರ ಸಂಖ್ಯೆ ಈಗ ಸುಮಾರು 14 ಲಕ್ಷ.

ಹಳ್ಳಿಯ ಮೊದಲ ಸಭೆಗಳು ಹೇಗಿದ್ದವು ಅನ್ನುವುದು ಯಾರಿಗೂ ಹೊಸದಲ್ಲ. ಅಧ್ಯಕ್ಷೆಯ ಕುರ್ಚಿಯ ಪಕ್ಕ ಗಂಡನಿಗೊಂದು ಕುರ್ಚಿ. ಮಾತೆಲ್ಲ ಅವನದ್ದು. ಚೆಕ್ಕು ಮನೆಗೇ ಬರುತ್ತಿತ್ತು, ತೋರಿಸಿದ ಜಾಗದಲ್ಲಿ ಸಹಿ. ಊರಿನವರು 'ಅಧ್ಯಕ್ಷರು ಬಂದರು' ಅಂತ ಎದ್ದು ನಿಲ್ಲುತ್ತಿದ್ದದ್ದು ಗಂಡನಿಗೆ. ಮೀಸಲಾತಿ ದಂಡ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಇವತ್ತೂ ಇದು ಪೂರ್ತಿ ಹೋಗಿಲ್ಲ. ಹಾಗಂತ ಅಲ್ಲಿಗೇ ನಿಂತೂ ಇಲ್ಲ. ಗ್ರಾಮಸಭೆಯಲ್ಲಿ ಪಿಡಿಒನನ್ನು ನಿಲ್ಲಿಸಿ ಉದ್ಯೋಗ ಖಾತ್ರಿಯ ಲೆಕ್ಕ ಕೇಳುವ, ನೀರಿನ ಪೈಪು ಯಾಕೆ ನಮ್ಮ ಕೇರಿಗೆ ಬಂದಿಲ್ಲ ಅಂತ ಜಗಳಕ್ಕೆ ನಿಲ್ಲುವ ಸದಸ್ಯೆಯರು ಈಗ ಅಪರೂಪವಲ್ಲ.

ಸಂಶೋಧಕರು ಇದನ್ನು ಅಳೆದಿದ್ದಾರೆ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ 2004ರಲ್ಲಿ ಪ್ರಕಟಿಸಿದ ಅಧ್ಯಯನ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳದ್ದು. ಮಹಿಳಾ ಅಧ್ಯಕ್ಷರಿರುವ ಕಡೆ ಕುಡಿಯುವ ನೀರಿಗೆ ಹೆಚ್ಚು ದುಡ್ಡು ಹೋಗಿತ್ತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಬಂಗಾಳದ್ದೇ ಇನ್ನೊಂದು ಅಧ್ಯಯನ, 2009ರದ್ದು. ಒಂದೇ ಸಲ ಮೀಸಲಾಗಿದ್ದ ಪಂಚಾಯಿತಿಗಳಿಗಿಂತ ಎರಡು ಸಲ ಮೀಸಲಾಗಿದ್ದ ಪಂಚಾಯಿತಿಗಳಲ್ಲಿ, ಮೀಸಲಾತಿ ಹೋದ ಮೇಲೂ ಹೆಣ್ಣುಮಕ್ಕಳು ನಿಂತು ಗೆಲ್ಲುವುದು ಜಾಸ್ತಿಯಾಗಿತ್ತು. ಮೊದಲ ಸಲ ಜನ ಅನುಮಾನದಿಂದ ನೋಡುತ್ತಾರೆ. ಎರಡನೇ ಸಲಕ್ಕೆ ಹೆಣ್ಣು ಅಧ್ಯಕ್ಷೆ ಅನ್ನುವುದು ರೂಢಿಯಾಗುತ್ತದೆ. ಮುಂಬೈ ಮಹಾನಗರ ಪಾಲಿಕೆಯ ವಾರ್ಡುಗಳನ್ನು ನೋಡಿದ ರಿಖಿಲ್ ಭಾವ್ನಾನಿ, ಹಿಂದಿನ ಸಲ ಮೀಸಲಾಗಿದ್ದ ವಾರ್ಡಿನಲ್ಲಿ ಮುಂದೆ ಹೆಣ್ಣು ಗೆಲ್ಲುವ ಸಾಧ್ಯತೆ ಉಳಿದ ವಾರ್ಡುಗಳಿಗಿಂತ ಸುಮಾರು ಐದು ಪಟ್ಟು ಇದ್ದದ್ದನ್ನು ತೋರಿಸಿದರು. ರೇಣುಕಾ ರೇ ಅವರ ಅನುಮಾನಕ್ಕೆ ಇದು ಅರ್ಧ ಉತ್ತರ. ಅರ್ಧ ಯಾಕೆಂದರೆ, ಮೀಸಲು ಇಲ್ಲದ ಸೀಟಿಗೆ ಹೆಣ್ಣನ್ನು ಯಾಕೆ ನಿಲ್ಲಿಸಬೇಕು ಅನ್ನುವ ಮಾತು ಪಕ್ಷದ ಕಚೇರಿಗಳಲ್ಲಿ ಇವತ್ತಿಗೂ ನಿಂತಿಲ್ಲ.

ಈ ಅನುಭವ ಹಲವರ ಮನಸ್ಸನ್ನು ಬದಲಿಸಿದೆ. 1974ರಲ್ಲಿ ಮಹಿಳೆಯರ ಸ್ಥಾನಮಾನ ಕುರಿತ ಕೇಂದ್ರದ ಸಮಿತಿ ವರದಿ ಕೊಟ್ಟಾಗ ಬಹುಮತ ಶಾಸನಸಭೆಯಲ್ಲಿ ಮೀಸಲಾತಿ ಬೇಡ ಅಂದಿತ್ತು. ವೀಣಾ ಮಜುಂದಾರ್ ಮತ್ತು ಲೋತಿಕಾ ಸರ್ಕಾರ್ ಭಿನ್ನಮತ ಬರೆದರು. ತಾವೂ ಹಿಂದೆ ಮೀಸಲಾತಿಯನ್ನು ಒಪ್ಪಿರಲಿಲ್ಲ, ಸಮಿತಿಯ ಕೆಲಸದಲ್ಲಿ ಕಂಡದ್ದು ತಮ್ಮನ್ನು ಬದಲಿಸಿತು ಅನ್ನುವ ಧಾಟಿ ಅದರಲ್ಲಿತ್ತು. ರಾಧಾಬಾಯಿ ಲಂಡನ್ನಿನಲ್ಲಿ ಹೇಳಿ ಆಗಲೇ 44 ವರ್ಷವಾಗಿತ್ತು.

ಸಂಸತ್ತಿಗೆ ಮಹಿಳಾ ಮೀಸಲಾತಿ ಮಸೂದೆ ಮೊದಲು ಬಂದದ್ದು 1996ರಲ್ಲಿ, ದೇವೇಗೌಡರ ಸರ್ಕಾರದಲ್ಲಿ. ನಂತರದ ಸರ್ಕಾರಗಳಲ್ಲಿ ಬಂತು, ಹೋಯಿತು, ಹಾಳೆ ಹರಿದ ಪ್ರಸಂಗಗಳೂ ಆದವು. 2010ರಲ್ಲಿ ರಾಜ್ಯಸಭೆ ಒಪ್ಪಿತು, ಲೋಕಸಭೆಯಲ್ಲಿ ಕೊಳೆಯಿತು. 2023ರ ಸೆಪ್ಟೆಂಬರ್‌ನಲ್ಲಿ ಹೊಸ ಸಂಸತ್ ಭವನದಲ್ಲಿ 106ನೇ ತಿದ್ದುಪಡಿಯಾಗಿ ಪಾಸಾಯಿತು. ಲೋಕಸಭೆಯಲ್ಲಿ ಪರವಾಗಿ 454, ವಿರುದ್ಧ 2. ರಾಜ್ಯಸಭೆಯಲ್ಲಿ 214, ವಿರುದ್ಧ ಯಾರೂ ಇಲ್ಲ. ಇಷ್ಟು ಒಮ್ಮತ ಇದ್ದ ಮೇಲೆ ಮರುದಿನದಿಂದಲೇ ಜಾರಿಯಾಗಬಹುದಿತ್ತು ಅಲ್ವಾ? ಆಗಲಿಲ್ಲ. ಕಾನೂನು ಜಾರಿಗೆ ಬಂದ ಮೇಲಿನ ಮೊದಲ ಜನಗಣತಿ, ಅದರ ಆಧಾರದ ಮೇಲೆ ಕ್ಷೇತ್ರ ಮರುವಿಂಗಡಣೆ, ಆಮೇಲೆ ಮೀಸಲಾತಿ ಅಂತ 334ಎ ವಿಧಿಯಲ್ಲಿ ಬರೆದರು. ಜನಗಣತಿಯ ಅಧಿಸೂಚನೆ ಬಂದದ್ದು 2025ರ ಜೂನ್‌ನಲ್ಲಿ, ದೇಶದ ಹೆಚ್ಚಿನ ಭಾಗಕ್ಕೆ ಎಣಿಕೆಯ ದಿನ 2027ರ ಮಾರ್ಚ್ 1. ಅದರ ಮೇಲೆ ಮರುವಿಂಗಡಣೆ. ದಕ್ಷಿಣದ ರಾಜ್ಯಗಳಿಗೆ ಸೀಟು ಎಷ್ಟು ಅನ್ನುವ ದೊಡ್ಡ ಜಗಳ ಅಲ್ಲಿಯೇ ಕಾದಿದೆ. ಒಟ್ಟಿನಲ್ಲಿ ಹೆಣ್ಣುಮಕ್ಕಳ ಸೀಟನ್ನು ಅತಿ ಕಷ್ಟದ ಗಂಟಿಗೇ ತಂದು ಕಟ್ಟಿದರು.

ಈಗಿನ ಅಂಕಿ ನೋಡಿ. 2024ರಲ್ಲಿ ಲೋಕಸಭೆಗೆ ಗೆದ್ದ ಮಹಿಳೆಯರು 543ರಲ್ಲಿ 74, ಹಿಂದಿನ ಸಲಕ್ಕಿಂತ ನಾಲ್ಕು ಕಡಿಮೆ. ಕರ್ನಾಟಕದಿಂದ 28ರಲ್ಲಿ 3. ವಿಧಾನಸಭೆಗೆ 2023ರಲ್ಲಿ 224ರಲ್ಲಿ 10. ಕಾನೂನು ಜಾರಿಯಾದರೆ ಇದೇ 224ರ ಲೆಕ್ಕದಲ್ಲಿ 75ರ ಹತ್ತಿರ ಮಹಿಳೆಯರು ಒಳಗೆ ಬರುತ್ತಾರೆ. ಎಪ್ಪತ್ತೈದು ಮಂದಿ ಕೂತ ಸದನದಲ್ಲಿ ಸ್ಪೀಕರ್ ಸ್ಥಾನಕ್ಕೆ ಎರಡನೆಯ ಹೆಸರು ಹುಡುಕುವುದು ಕಷ್ಟವಾಗಲಾರದು.

ಆದರೆ ಕಾನೂನಿನ ಒಳಗೂ ಮೂರ್ನಾಲ್ಕು ತೊಡಕುಗಳಿವೆ. ರಾಜ್ಯಸಭೆ, ವಿಧಾನ ಪರಿಷತ್ತಿಗೆ ಇದು ಅನ್ವಯಿಸುವುದಿಲ್ಲ. ಮುತ್ತುಲಕ್ಷ್ಮಿಯಂಥವರು ಸುಲಭವಾಗಿ ಬರಬಹುದಾದ ಮನೆಗಳೇ ಅವು. ಪರಿಶಿಷ್ಟರ ಸೀಟುಗಳೊಳಗೆ ಮೂರನೇ ಒಂದು ಭಾಗ ಆ ಸಮುದಾಯದ ಮಹಿಳೆಯರಿಗಿದೆ, ಹಿಂದುಳಿದ ವರ್ಗದ ಮಹಿಳೆಯರಿಗೆ ಬೇರೆ ಪಾಲಿಲ್ಲ. ಮೀಸಲಾತಿಯ ಆಯುಸ್ಸು ಹದಿನೈದು ವರ್ಷ. ಮೀಸಲು ಕ್ಷೇತ್ರಗಳು ಬದಲಾಗುವುದು ಪ್ರತಿ ಮರುವಿಂಗಡಣೆಯ ನಂತರ. ಪಂಚಾಯಿತಿಯ ರೋಸ್ಟರ್‌ನಂತೆ ಸಲಸಲಕ್ಕೂ ತಿರುಗುವುದಿಲ್ಲ. ಇದರಿಂದ ಒಂದು ಲಾಭ ಇದೆ. ಪಂಚಾಯಿತಿಯಲ್ಲಿ ಕೆಲಸ ಕಲಿಯುವ ಹೊತ್ತಿಗೆ ಸೀಟು ಬೇರೆ ವರ್ಗಕ್ಕೆ ಹೋಗುತ್ತದೆ, ಮೂವತ್ತು ತಿಂಗಳ ಅಧ್ಯಕ್ಷಗಿರಿಯಲ್ಲಿ ಏನು ಮಾಡುವುದು ಅನ್ನುವ ಗೋಳು ಇದೆ. ಶಾಸಕಿಗೆ ಅದೇ ಕ್ಷೇತ್ರದಲ್ಲಿ ಎರಡನೇ ಅವಕಾಶ ಸಿಗಬಹುದು. ಬಂಗಾಳದ ಅಧ್ಯಯನ ಹೇಳಿದ್ದೂ ಅದನ್ನೇ.

ಇನ್ನು ಟಿಕೆಟ್ ಯಾರಿಗೆ? ಶಾಸಕರ ಹೆಂಡತಿ, ಮಂತ್ರಿಯ ಮಗಳು, ಸೊಸೆ. ಮೊದಲ ಸುತ್ತಿನಲ್ಲಿ ಇದು ಆಗಿಯೇ ಆಗುತ್ತದೆ. ಇದನ್ನು ಕಾನೂನಿನ ಸೋಲು ಅನ್ನಲಾರೆ, ಗಂಡುಮಕ್ಕಳ ಟಿಕೆಟ್ ಹಂಚಿಕೆಯೂ ಈಗ ಹೀಗೇ ನಡೆದಿದೆ. ಮನೆತನದ ಬಲ ಇಲ್ಲದವರು ಮೇಲೆ ಬರಲು ಬೇರೆ ಮೆಟ್ಟಿಲು ಇರಬೇಕು. ಮುತ್ತುಲಕ್ಷ್ಮಿ, ದುರ್ಗಾಬಾಯಿ ಕಾಲದಲ್ಲಿ ಅದು ಸಮಾಜಸೇವೆಯ ಸಂಸ್ಥೆ. ನಮ್ಮ ಕಾಲದಲ್ಲಿ ಅದು ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ. ಸ್ವಸಹಾಯ ಸಂಘದಲ್ಲಿ ಲೆಕ್ಕ ಬರೆದ, ಆಶಾ ಕಾರ್ಯಕರ್ತೆಯಾಗಿ ಮನೆಮನೆ ತಿರುಗಿದ ಹೆಣ್ಣುಮಗಳು ಗ್ರಾಮ ಪಂಚಾಯಿತಿಗೆ ಗೆದ್ದು, ಅಲ್ಲಿಂದ ತಾಲ್ಲೂಕಿಗೆ, ಜಿಲ್ಲೆಗೆ ಏರಿ ವಿಧಾನಸಭೆಯ ಟಿಕೆಟ್ ಕೇಳುವ ಮಟ್ಟಕ್ಕೆ ಬರುವುದು ಈ ದಾರಿಯಲ್ಲೇ. ಕ್ಷೇತ್ರ ಗೊತ್ತಿರುತ್ತದೆ, ಬೂತು ಗೊತ್ತಿರುತ್ತದೆ, ಸೇವೆ ಓಟಾಗಿ ತಿರುಗುವ ಸಾಧ್ಯತೆ ಇಲ್ಲಿ ಮಾತ್ರ ಇದೆ.

ಕರ್ನಾಟಕದಲ್ಲಿ ಆ ಎರಡೂ ಹಂತದ ಸದಸ್ಯರ ಅವಧಿ ಮುಗಿದದ್ದು 2021ರ ಬೇಸಿಗೆಯಲ್ಲಿ. ಚುನಾವಣೆ ನಡೆಯಲಿಲ್ಲ. ಮೊದಲು ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು. ಆಮೇಲೆ ಮೀಸಲು ಪಟ್ಟಿಯ ತಕರಾರು, ಹೈಕೋರ್ಟಿನಲ್ಲಿ ವಾಯಿದೆ ಮೇಲೆ ವಾಯಿದೆ. ನಡುವೆ ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು, ಕಾರಣಗಳು ಬದಲಾಗಲಿಲ್ಲ. ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿ ಜಿಲ್ಲೆಗಳು ನಡೆದವು. ಆ ಸೀಟುಗಳಲ್ಲಿ ಅರ್ಧ ಮಹಿಳೆಯರದ್ದು. ದೆಹಲಿಯಲ್ಲಿ ಮೂರನೇ ಒಂದು ಪಾಲು ಮರುವಿಂಗಡಣೆಗೆ ಕಾಯುತ್ತಿತ್ತು. ಇಲ್ಲಿ ಆಗಲೇ ಕೈಯಲ್ಲಿದ್ದ ಅರ್ಧ ಪಾಲು ಅದೇ ನೆಪದಲ್ಲಿ ನಿಂತುಹೋಯಿತು.